ನಾಳೆ ಬತ್ತೀನಿ ಕಣವ್ವ

ಇದನ್ನು ಬರೀತಿರೋದು ನಾವಿಬ್ಬರು, ಅಕ್ಕ ಮತ್ತು ತಮ್ಮ. ದೊಡ್ಡವಳು ಎಂಟನೇ ಸೆಮ್ ಸಿವಿಲ್, ಚಿಕ್ಕವನು ನಾಲ್ಕನೇ ಸೆಮ್ ಇ ಅಂಡ್ ಸಿ. ಯಾವ ವಾಕ್ಯ ಯಾರದು ಅಂತ ಹುಡುಕಬೇಡಿ, ನಮಗೇ ಗೊತ್ತಿಲ್ಲ. ತಪ್ಪು ಮಾತ್ರ ಇಬ್ಬರದೂ. ಅದನ್ನು ಮುಂದೆ ಹೇಳ್ತೀವಿ.

ನಮ್ಮೂರು ತಿಪಟೂರು ತಾಲ್ಲೂಕಿನಲ್ಲಿ. ಮನೆ ಅಜ್ಜಿಯ ಮಾವನ ಕಾಲದ್ದು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮಂಗಳೂರು ಹೆಂಚು. ಬೇಸಿಗೆಯಲ್ಲೂ ಫ್ಯಾನ್ ಬೇಡ, ಅಷ್ಟು ತಂಪು. ಆದರೆ ಬಚ್ಚಲು, ಟಾಯ್ಲೆಟ್ಟು ಎರಡೂ ಹಿತ್ತಲಲ್ಲಿ. ಹಿಂಬಾಗಿಲಿನಿಂದ ಚಪ್ಪಡಿ ಕಲ್ಲಿನ ಮೇಲೆ ಹದಿನೈದು ಇಪ್ಪತ್ತು ಹೆಜ್ಜೆ ಹೋಗಬೇಕು. ಮಳೆಗಾಲದಲ್ಲಿ ಆ ಕಲ್ಲಿಗೆ ಪಾಚಿ ಕಟ್ಟುತ್ತೆ. ಹೋದ ವರ್ಷ ಆಷಾಢದಲ್ಲಿ ಒಂದು ರಾತ್ರಿ ಅಜ್ಜಿ ಅಲ್ಲಿ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್ರು.

ಕೈಯೇನೋ ಕೂಡಿಕೊಂಡಿತು. ಆಮೇಲೆ ನಡೆದದ್ದನ್ನು ಮೊದಲು ಗಮನಿಸಿದ್ದು ಅಮ್ಮ. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ನೀರು ಮುಟ್ಟುತ್ತಿರಲಿಲ್ಲ. ಮುದ್ದೆಗೆ ಎರಡೇ ಸೌಟು ಸಾರು, ಮಜ್ಜಿಗೆ ಬೇಡವೇ ಬೇಡ. ಕೇಳಿದರೆ ‘ದಾಹ ಇಲ್ಲ ಬಿಡು’ ಅಂತಿದ್ದಳು. ಸೆಪ್ಟೆಂಬರಿನಲ್ಲಿ ಉರಿಮೂತ್ರ, ಜ್ವರ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ದಿನಕ್ಕೆ ಎಷ್ಟು ನೀರು ಕುಡೀತೀರ ಅಂತ. ಅಜ್ಜಿ ನೆಲ ನೋಡಿಕೊಂಡು ಕೂತಳು. ರಾತ್ರಿ ಏಳೋ ಹಂಗಾಗಬಾರದು ಅಂತ ಎರಡು ತಿಂಗಳಿಂದ ಬಾಯಾರಿಕೆ ತಡೆದುಕೊಂಡಿದ್ದಳು.

ಅವತ್ತೇ ತೀರ್ಮಾನವಾಯಿತು. ಅಜ್ಜಿ ಮಲಗೋ ಕೋಣೆಯ ಹಿಂದಿನ ಗೋಡೆಗೆ ಒಂದು ಬಾಗಿಲು ಒಡೆಸಿ, ಹೊರಗೆ ಐದಕ್ಕೆ ಏಳು ಅಡಿಯ ಬಚ್ಚಲು ಕಟ್ಟಿಸೋದು, ಒಳಗೆ ಕಮೋಡು, ಹಿಡಿದುಕೊಳ್ಳೋಕೆ ಒಂದು ಕಂಬಿ. ದೀಪಾವಳಿ ರಜಕ್ಕೆ ನಾವು ಊರಿಗೆ ಹೋದಾಗ ಅಪ್ಪ ಅಂದರು: “ಕೊಬ್ಬರಿ ದುಡ್ಡಲ್ಲಿ ಎಷ್ಟು ತೆಗೆದಿಡಬೇಕು ಅಂತ ಗೊತ್ತಾದ್ರೆ ಸಾಕು. ಇಬ್ರೂ ಇಂಜಿನಿಯರಿಂಗ್ ಓದ್ತಿದ್ದೀರಲ್ಲ, ಒಂದು ಬಚ್ಚಲಿಗೆ ಎಷ್ಟಾಗುತ್ತೆ ಅಂತ ಕೇಳ್ಕೊಂಡು ಬನ್ನಿ.”

ಕೇಳಿಕೊಂಡು ಬರೋದು ತಾನೇ, ಎರಡು ದಿನದ ಕೆಲಸ ಅಂದುಕೊಂಡೆವು.

ನಮ್ಮ ಕಡೆ ಹಳಬರು ಇವತ್ತಿಗೂ ಹೇಳ್ತಾರೆ, ಒಂದು ಕಾಲದಲ್ಲಿ ದೆವ್ವ ಬರದಿರಲಿ ಅಂತ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಂತೆ. ನಮ್ಮ ಬಾಗಿಲ ಮೇಲೆ ಅಂಥದ್ದೇನೂ ಬರೆದಿಲ್ಲ. ಆದರೂ ಮೇಸ್ತ್ರಿಗಳೆಲ್ಲ ಅದನ್ನು ಓದಿಕೊಂಡವರ ಹಾಗೇ ನಡೆದುಕೊಂಡರು. ಮೊದಲನೆಯವರಿಗೆ ಫೋನ್ ಮಾಡಿದಾಗ “ನಾಳೆ ಬತ್ತೀನಿ ಕಣವ್ವ” ಅಂದರು. ನಾಳೆ ಬಂತು, ಅವರು ಬರಲಿಲ್ಲ. ಮತ್ತೆ ಫೋನ್ ಮಾಡಿದೆವು. “ಬೆಳಗ್ಗೆನೇ ಬತ್ತೀನಿ” ಅಂದರು. ಯಾವ ಬೆಳಗ್ಗೆ ಅಂತ ನಾವು ಕೇಳಬೇಕಿತ್ತು. ಎರಡನೆಯವರು ಫೋನ್ ಎತ್ತಿದ ತಕ್ಷಣ ‘ಎಷ್ಟು ಚದರ?’ ಅಂದರು. ಒಂದು ಬಚ್ಚಲು ಅಂದದ್ದೇ ತಡ, ಸಿಗ್ನಲ್ ಹೋಯಿತು.

ಮೂರನೆಯವರು ನಿಜಕ್ಕೂ ಬಂದರು. ಕೋಣೆಯೊಳಗೆ ನಿಂತು ಗೋಡೆಗೆ ಬೆರಳಿಂದ ಎರಡು ಸಲ ಕುಟ್ಟಿ ನೋಡಿದರು, ತಲೆ ಎತ್ತಿ ತೀರು ನೋಡಿದರು, ಹಿತ್ತಲಿಗೆ ಹೋಗಿ ಒಂದು ಸುತ್ತು ಹಾಕಿದರು, ಬಂದು ಜಗಲಿ ಮೇಲೆ ಕೂತು ಟೀ ಕುಡಿದರು. ಎಷ್ಟಾಗಬಹುದು ಅಂತ ಕೇಳಿದ್ದಕ್ಕೆ “ಮಾಡಾನ ಬುಡಿ” ಅಂದರು. ಅಲ್ಲ, ಅಂದಾಜು ಎಷ್ಟು? “ಏನ್ ಜಾಸ್ತಿ ಆಗಾಕಿಲ್ಲ, ಮಾಡಾನ ಬುಡಿ.” ಹೋದವರು ಮತ್ತೆ ಸಿಗಲಿಲ್ಲ. ಇನ್ನೊಂದು ವಿಷಯ: ಪ್ರಶ್ನೆ ಕೇಳಿದ್ದೆಲ್ಲ ಸಿವಿಲ್ ಓದೋ ದೊಡ್ಡವಳು, ಉತ್ತರ ಹೋದದ್ದೆಲ್ಲ ಚಿಕ್ಕವನಿಗೆ. ತಳಪಾಯ ಎಷ್ಟು ಆಳ ತೆಗೀತೀರ ಅಂತ ಅಕ್ಕ ಕೇಳಿದರೆ, ಟ್ರಾನ್ಸಿಸ್ಟರ್ ಬಿಟ್ಟು ಬೇರೇನೂ ಗೊತ್ತಿಲ್ಲದ ತಮ್ಮನ ಮುಖ ನೋಡಿಕೊಂಡು ‘ಎರಡೂವರೆ ಅಡಿ ಸಾಕಪ್ಪ’ ಅಂತ ಹೇಳ್ತಿದ್ದರು. ಅವನೋ, ಎಲ್ಲ ಗೊತ್ತಿದ್ದವನ ಥರ ತಲೆ ಆಡಿಸ್ತಿದ್ದ.

ನಾಲ್ಕನೆಯವರು ವಯಸ್ಸಾದ ಮೇಸ್ತ್ರಿ, ಒಂಬತ್ತು ಕಿಲೋಮೀಟರ್ ದೂರದ ಊರಿನವರು. ಹಳೇ ಮೊಪೆಡ್‌ನಲ್ಲಿ ಬಂದರು. ಇವರ ಜೇಬಿನಲ್ಲಿ ಟೇಪ್ ಇತ್ತು. ಆವರೆಗೆ ಬಂದವರ ಯಾರ ಹತ್ತಿರವೂ ಇರಲಿಲ್ಲ. ಟೇಪಿನ ಒಂದು ತುದಿಯನ್ನು ಅಕ್ಕನ ಕೈಗೆ ಕೊಟ್ಟು “ಹಿಡ್ಕೋ ತಾಯಿ, ಬಿಗಿಯಾಗಿ” ಅಂದರು. ಅಳತೆ ಮಾಡ್ತಾ ಮಾಡ್ತಾ ಅವರು ಕೇಳಿದ್ದು ನಾವು ಯೋಚನೆಯೇ ಮಾಡಿರದ ವಿಷಯಗಳು. ಹಿಂದಿನ ಸೂರಿನ ನೀರು ಎಲ್ಲಿ ಬೀಳುತ್ತೆ? ಬಚ್ಚಲಿನ ಚಾವಣಿ ಸೂರಿಗಿಂತ ಕೆಳಗೆ ಬರಬೇಕು, ಹಾಗೆ ತಂದರೆ ತಲೆ ತಗಲದಷ್ಟು ಎತ್ತರ ಸಿಗುತ್ತಾ? ಗುಂಡಿ ಹಳೇದೇ ಸಾಕಾ, ಸಾಕಾದರೆ ಅಲ್ಲೀವರೆಗೆ ಪೈಪಿಗೆ ವಾಟ ಸಿಗುತ್ತಾ? ಅಜ್ಜಿ ಯಾವ ಕಡೆ ತಲೆ ಹಾಕಿ ಮಲಗ್ತಾರೆ, ಎದ್ದಾಗ ಯಾವ ಕೈ ಊರ್ತಾರೆ? ಅಜ್ಜಿಯನ್ನೇ ಕರೆದು ಮಂಚದಿಂದ ಎದ್ದು ತೋರಿಸಿ ಅಂದರು. ಅಜ್ಜಿ ನಾಚಿಕೊಂಡೇ ಎದ್ದು ತೋರಿಸಿದಳು. ಆಮೇಲೆ ಅವರಿಬ್ಬರೂ ಕೂತು ಮಾತಾಡಿದರು. ನೀರು ಕುಡಿಯದ ಕತೆಯನ್ನು ಡಾಕ್ಟರಿಗೆ ಹೇಳದ ಅಜ್ಜಿ ಮೇಸ್ತ್ರಿಗೆ ಹೇಳಿಬಿಟ್ಟಳು.

ಹೋಗೋ ಮುಂಚೆ ಅವರು ಹಳೆಯ ಮದುವೆ ಕಾರ್ಡೊಂದನ್ನು ಇಸಕೊಂಡು, ಅದರ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದುಕೊಟ್ಟರು. ಪಾಯ, ಗೋಡೆ, ಮೇಲಿನ ಸ್ಲ್ಯಾಬು, ಗಿಲಾವು, ಟೈಲ್ಸು, ಪೈಪಿನ ಕೆಲಸ, ಒಂದೊಂದಕ್ಕೂ ಕೂಲಿ ಎಷ್ಟು ಅಂತ. ಒಟ್ಟು 38,000. ಸಾಮಾನೆಲ್ಲ ನಮ್ಮದು. ಕೊನೆಯ ಸಾಲಿನಲ್ಲಿ ‘ಬಾಗಿಲು ಒಡೆಯೋದು’ ಅಂತ ಬರೆದು ಮುಂದೆ ಖಾಲಿ ಬಿಟ್ಟಿದ್ದರು. ಕೇಳಿದ್ದಕ್ಕೆ “ಅದು ಒಡುದ್ ಮ್ಯಾಲೇ ಯೋಳಾದು. ಮಣ್ಣಿನ ಗ್ವಾಡೆ ಒಳಗೆ ಏನೈತೆ ಅಂತ ಯಾರಿಗ್ ಗೊತ್ತು?” ಅಂದರು.

ಆ ಖಾಲಿ ಜಾಗವೇ ನಮ್ಮ ತಲೆ ಕೆಡಿಸಿದ್ದು. ಇಲ್ಲಿ ಏನೋ ಇದೆ ಅಂತ ಅಪ್ಪನೂ ಅಂದರು. ಅರ್ಧ ಕೆಲಸ ಆದ ಮೇಲೆ ಆ ಸಾಲಿಗೆ ಬಾಯಿಗೆ ಬಂದ ಮೊತ್ತ ಹೇಳ್ತಾರೆ, ಆಗ ನಾವು ಎಲ್ಲಿಗೂ ಹೋಗೋ ಹಾಗಿರಲ್ಲ ಅಂತ ಮೂರೂ ಜನ ಮಾತಾಡಿಕೊಂಡೆವು.

ಆಮೇಲೆ ಮಾಡಿದ್ದು ನಮ್ಮ ತಪ್ಪು. ಕಾರ್ಡಿನ ಫೋಟೋ ತೆಗೆದು ಪಟ್ಟಣದ ಇಬ್ಬರು ಕಂಟ್ರಾಕ್ಟರಿಗೆ ವಾಟ್ಸಾಪ್ ಮಾಡಿದೆವು, ‘ಇವರು ಇಷ್ಟು ಹೇಳಿದ್ದಾರೆ, ನೀವು ಎಷ್ಟಕ್ಕೆ ಮಾಡ್ತೀರ’ ಅಂತ. ಕಾರ್ಡಿನ ಮೂಲೆಯಲ್ಲಿ ಮೇಸ್ತ್ರಿಯ ಹೆಸರು, ಫೋನ್ ನಂಬರ್ ಎರಡೂ ಇದ್ದವು. ಮರೆಮಾಡಬೇಕು ಅಂತಲೂ ಹೊಳೆಯಲಿಲ್ಲ. ಒಬ್ಬರು ಜಾಗ ನೋಡದೇ ‘ಚದರಕ್ಕೆ 2 ಲಕ್ಷ, ನಿಮ್ಮದು 35 ಅಡಿ, 70 ಸಾವಿರ ಆಯ್ತು’ ಅಂದರು. ಇನ್ನೊಬ್ಬರು ‘ಎಲ್ಲಾ ಸೇರಿ 1,45,000, ಬರೀ ಕೂಲಿ ಆದ್ರೆ 30ಕ್ಕೇ ಮಾಡಿಸ್ತೀನಿ, ಆ ಮುದುಕಪ್ಪನಿಗೆ ಯಾಕೆ ಅಷ್ಟು ಕೊಡ್ತೀರ’ ಅಂದರು. ಆ ಮಾತು ಹೇಗೆ ತಲುಪಿತೋ, ನಾಲ್ಕನೇ ದಿನದಿಂದ ಟೇಪಿನ ಮೇಸ್ತ್ರಿ ನಮ್ಮ ಫೋನ್ ಎತ್ತಲಿಲ್ಲ. ಮೂವತ್ತಕ್ಕೆ ಮಾಡಿಸ್ತೀನಿ ಅಂದವರಿಗೆ ಅಷ್ಟರಲ್ಲಿ ಯಾವುದೋ ಚರಂಡಿ ಕೆಲಸ ಸಿಕ್ಕಿತ್ತು. ಅವರೂ ‘ನಾಳೆ ಬತ್ತೀನಿ’ ಅಂದರು. ರಜ ಮುಗಿಯಿತು. ನಮ್ಮ ಕೈಯಲ್ಲಿ ಇದ್ದದ್ದು ಒಂದು ಮದುವೆ ಕಾರ್ಡು ಮತ್ತು ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಅಂಕಿ: 38 ಸಾವಿರ, 70 ಸಾವಿರ, 1 ಲಕ್ಷದ 45 ಸಾವಿರ.

ದೊಡ್ಡವಳಿಗೆ ಆ ಸೆಮ್‌ನಲ್ಲಿ ಕ್ವಾಂಟಿಟಿ ಸರ್ವೇಯಿಂಗ್ ಇತ್ತು. ಸಿವಿಲ್‌ನವರಿಗೆ ಗೊತ್ತು, ಆ ಪೇಪರಿನಲ್ಲಿ ಸೆಂಟರ್ ಲೈನ್ ಮೆಥಡ್ ಹಾಕಿ ಎರಡು ಕೋಣೆಯ ಮನೆಗೆ ಎಷ್ಟು ಘನ ಮೀಟರ್ ಕಲ್ಲು, ಎಷ್ಟು ಚದರ ಮೀಟರ್ ಗಿಲಾವು ಅಂತ ತೆಗೆದು ಮಾರ್ಕ್ಸ್ ತಗೋತೀವಿ. ಆ ಮನೆಯಲ್ಲಿ ಯಾರೂ ಇರೋದಿಲ್ಲ, ಜಾಗ ಯಾವಾಗಲೂ ಸಮತಟ್ಟು, ಮಣ್ಣು ಯಾವಾಗಲೂ ‘ಆರ್ಡಿನರಿ ಸಾಯಿಲ್’. ಈ ಸಲ ಆ ಮನೆ ಬಿಟ್ಟು ಅಜ್ಜಿಯ ಬಚ್ಚಲಿಗೇ ಎಸ್ಟಿಮೇಟ್ ಹಾಕೋಣ ಅಂತ ಇಬ್ಬರೂ ಹಾಸ್ಟೆಲ್ ಮೆಸ್ಸಿನಲ್ಲಿ ಕೂತೆವು. ಬಿ. ಎನ್. ದತ್ತ ಪುಸ್ತಕ ಒಂದು ಕಡೆ, ಮದುವೆ ಕಾರ್ಡು ಇನ್ನೊಂದು ಕಡೆ. ಚಿಕ್ಕವನು ಸ್ಪ್ರೆಡ್‌ಶೀಟ್ ಮಾಡಿದ.

ಮೊದಲು ಬಿದ್ದದ್ದು 70 ಸಾವಿರದ ಲೆಕ್ಕ. ಹತ್ತಕ್ಕೆ ಹತ್ತರ ಕೋಣೆಗೆ 100 ಚದರಡಿಗೆ 40 ಅಡಿ ಉದ್ದದ ಗೋಡೆ. ಐದಕ್ಕೆ ಏಳರ ಬಚ್ಚಲಿಗೆ 35 ಚದರಡಿಗೇ 24 ಅಡಿ ಗೋಡೆ. ಅಂದರೆ ನೂರು ಚದರಡಿಗೆ ಸುಮಾರು 69 ಅಡಿ ಆಯ್ತು. ಜಾಗ ಚಿಕ್ಕದಾದಷ್ಟೂ ಅಡಿಗೆ ಬೀಳೋ ಖರ್ಚು ಜಾಸ್ತಿ. ನಮ್ಮಲ್ಲಿ ಒಂದು ಗೋಡೆ ಮೊದಲೇ ಇದೆ, ಸರಿ. ಆದರೆ ಕಮೋಡು, ಪೈಪು, ಗೋಡೆ ಟೈಲ್ಸು ಎಲ್ಲ ಆ ಮೂವತ್ತೈದು ಅಡಿಯಲ್ಲೇ ತುಂಬಬೇಕು. ಮಲಗೋ ಕೋಣೆ, ಹಾಲ್ ಎಲ್ಲ ಸೇರಿದ ಇಡೀ ಮನೆಯ ಸರಾಸರಿ ಚದರದ ರೇಟನ್ನು ತಂದು ಬಚ್ಚಲಿಗೆ ಹಾಕಿದರೆ ಅದು ಕೊಟೇಶನ್ ಅಲ್ಲ, ಫೋನ್ ಇಡೋಕೆ ಒಂದು ನೆಪ.

1,45,000ದ ಅಂಕಿಯನ್ನು ಪರೀಕ್ಷೆ ಮಾಡೋಕೂ ಆಗಲಿಲ್ಲ. ಅದರೊಳಗೆ ಏನಿದೆ ಅಂತ ಹೇಳಿದ್ದರೆ ತಾನೇ? ಬಾಗಿಲು ಯಾವ ಥರದ್ದು, ಟೈಲ್ಸು ಎಷ್ಟು ಎತ್ತರಕ್ಕೆ, ಗುಂಡಿ ಹಳೇದೋ ಹೊಸದೋ, ಒಂದೂ ಇಲ್ಲ. ನಾವೂ ಕೇಳಿರಲಿಲ್ಲ ಅನ್ನಿ. ಮೂರು ಜನಕ್ಕೆ ಮೂರು ಬೇರೆ ಬೇರೆ ಪ್ರಶ್ನೆ ಕೇಳಿ, ಉತ್ತರ ಮಾತ್ರ ಹೋಲಿಸ್ತಾ ಕೂತಿದ್ದೆವು.

ನಮ್ಮ ಲೆಕ್ಕದಲ್ಲಿ ಸಾಮಾನು, ಕೂಲಿ, ಶೇ. 5 ಕಂಟಿಂಜೆನ್ಸಿ ಎಲ್ಲ ಸೇರಿ ಹತ್ತಿರ ಹತ್ತಿರ 1,12,000 ಬಂತು. ಬಾಗಿಲು ಒಡೆಯೋ ಸಾಲಿಗೆ ಬಂದಾಗ ನಿಂತೆವು. ಪಿಡಬ್ಲ್ಯುಡಿ ದರಪಟ್ಟಿಯಲ್ಲಿ ಇಟ್ಟಿಗೆ ಗೋಡೆ, ಕಲ್ಲಿನ ಗೋಡೆ ಕೆಡವೋಕೆ ದರ ಸಿಗುತ್ತೆ. ಆದರೆ ತೀರಿನ ಭಾರ ಹೊತ್ತಿರೋ, ಅಜ್ಜಿಯ ಮಾವ ಯಾವತ್ತೋ ಮೆತ್ತಿದ ಮಣ್ಣಿನ ಗೋಡೆಯಲ್ಲಿ ಆರೂವರೆ ಅಡಿ ಎತ್ತರದ ಬಾಗಿಲು ತೆಗೆದು, ಮೇಲಿನ ಹೆಂಚು ಅಲುಗಾಡದ ಹಾಗೆ ನಿಲ್ಲಿಸೋಕೆ ಎಷ್ಟು? ಕ್ಲಾಸ್ ಮುಗಿದ ಮೇಲೆ ಹೋಗಿ ಮೇಡಂನ ಕೇಳಿದೆವು. ಅವರು ಕಾರ್ಡು ತಿರುಗಿಸಿ ನೋಡಿ, “ಇದನ್ನ ಬರೆದವರು ಯಾರು? ಎಷ್ಟು ನೀಟಾಗಿ ಪ್ರಾವಿಷನಲ್ ಸಮ್ ಬಿಟ್ಟಿದ್ದಾರೆ” ಅಂದರು. ಮೊದಲೇ ಅಳೆಯೋಕೆ ಆಗದ ಕೆಲಸವನ್ನು ಬೇರೆ ಸಾಲಿನಲ್ಲಿಟ್ಟು, ಆದಷ್ಟಕ್ಕೆ ದುಡ್ಡು ಅನ್ನೋದು ದೊಡ್ಡ ದೊಡ್ಡ ಕರಾರುಗಳಲ್ಲೂ ಇರೋ ಪದ್ಧತಿ. ಎರಡು ಮಾರ್ಕಿನ ಪ್ರಶ್ನೆಗೆ ಅಂತ ನಾವೇ ಅದರ ಡೆಫಿನಿಷನ್ ಬಾಯಿಪಾಠ ಮಾಡಿದ್ದೆವು. ಮೋಸಕ್ಕೆ ಬಿಟ್ಟ ಜಾಗ ಅಂದುಕೊಂಡಿದ್ದು ಆ ಕಾರ್ಡಿನಲ್ಲೇ ಅತ್ಯಂತ ಪ್ರಾಮಾಣಿಕವಾದ ಸಾಲು.

ಅವತ್ತು ರಾತ್ರಿ ಇನ್ನೊಂದು ಲೆಕ್ಕವನ್ನೂ ಹಾಕಿದೆವು. ಹೋಗಿ ಬರೋಕೆ ಹದಿನೆಂಟು ಕಿಲೋಮೀಟರ್ ಪೆಟ್ರೋಲು, ಅರ್ಧ ದಿನ, ಅಂದರೆ ಅವರ ಅರ್ಧ ದಿನದ ಕೂಲಿ. ಅದಕ್ಕೆ ನಾವು ಕೊಟ್ಟದ್ದು ಒಂದು ಲೋಟ ಟೀ. ಸರ್ಕಾರಿ ಕೆಲಸಕ್ಕಾದರೆ ಕರ್ನಾಟಕದಲ್ಲಿ 1999ರ ಪಾರದರ್ಶಕತೆ ಕಾಯ್ದೆ ಇದೆ. ಟೆಂಡರ್ ಹಾಕುವವರಿಗೆಲ್ಲ ಒಂದೇ ನಕ್ಷೆ, ಒಂದೇ ಐಟಂ ಪಟ್ಟಿ ಕೊಡಬೇಕು, ತೆರೆಯೋ ದಿನದವರೆಗೆ ಒಬ್ಬರ ದರ ಇನ್ನೊಬ್ಬರಿಗೆ ಗೊತ್ತಾಗಬಾರದು. ನಾವು ಮಾಡಿದ್ದು ನೇರ ಅದರ ಉಲ್ಟಾ: ನಕ್ಷೆ ಯಾರಿಗೂ ಕೊಡಲಿಲ್ಲ, ದರ ಮಾತ್ರ ಊರಿಗೆಲ್ಲ ಹಂಚಿದೆವು. ಮಿಕ್ಕ ಮೇಸ್ತ್ರಿಗಳು ಯಾಕೆ ಬಾಯಿಬಿಟ್ಟು ಒಂದು ಅಂಕಿ ಹೇಳಲ್ಲ ಅನ್ನೋದು ಆಗ ಅರ್ಥವಾಗತೊಡಗಿತು. ಹೇಳಿದ ಅಂಕಿ ಎಲ್ಲೆಲ್ಲಿ ಓಡಾಡುತ್ತೆ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಹಾಗಂತ ‘ನಾಳೆ ಬತ್ತೀನಿ’ ಅಂತ ಕಾಯಿಸೋದನ್ನು ನಾವು ಒಪ್ಪಲ್ಲ. ‘ಆಗಲ್ಲ’ ಅನ್ನೋಕೆ ಪೆಟ್ರೋಲೇನೂ ಬೇಡವಲ್ಲ.

ಸಂಕ್ರಾಂತಿಗೆ ಊರಿಗೆ ಹೋದಾಗ ಎಳ್ಳುಬೆಲ್ಲ ತಗೊಂಡು ಟೇಪಿನ ಮೇಸ್ತ್ರಿಯ ಮನೆಗೆ ಹೋದೆವು. ಮುನ್ನಾ ದಿನ ಬಸ್ಸಿನಲ್ಲಿ ಏನು ಹೇಳಬೇಕು ಅಂತ ತಯಾರಿ ಮಾಡಿಕೊಂಡಿದ್ದೆಲ್ಲ ಅವರ ಜಗಲಿ ಹತ್ತೋವಾಗ ಮರೆತು ಹೋಯಿತು. ‘ತಪ್ಪಾಯ್ತು ತಾತ, ಫೋಟೋ ಕಳಿಸಬಾರದಿತ್ತು’ ಅಂತ ಇಬ್ಬರೂ ಒಟ್ಟಿಗೆ ಅಂದೆವು. ಅವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ “ಕಾರ್ಡು ನಿಮಗೆ ಅಂತ ಬರ್ಕೊಟ್ಟಿದ್ದು ಕಣಪ್ಪ” ಅಂದರು. ಅಷ್ಟೇ. ಒಳಗಿಂದ ಅವರ ಮನೆಯವರು ಎಳ್ಳಿಗೆ ಎಳ್ಳು ಬದಲು ಕೊಟ್ಟು, ಟೀ ಕೊಟ್ಟರು. ಹೊರಡೋವಾಗ ಅವರು ಕೇಳಿದರು: “ಅಜ್ಜಿ ಈಗ ರಾತ್ರಿ ನೀರು ಕುಡೀತಾರಾ?” ಇಲ್ಲ ಅಂದೆವು.

ಅವರ ಕೈಯಲ್ಲಿ ಬೇರೆ ಕೆಲಸ ಇತ್ತು. ಶಿವರಾತ್ರಿ ಆದ ಮೇಲೆ ಬರ್ತೀನಿ ಅಂದರು. ಈ ಸಲ ನಾವು ಒಂದು ಹಾಳೆಯಲ್ಲಿ ನಕ್ಷೆ, ಐಟಂ ಪಟ್ಟಿ, ಸಾಮಾನು ಯಾರದು, ದುಡ್ಡು ಯಾವ ಹಂತಕ್ಕೆ ಎಷ್ಟು ಅಂತ ಬರೆದುಕೊಂಡು ಹೋಗಿದ್ದೆವು. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ಎರಡು ಕಡೆ ತಿದ್ದಿದರು. ನಾವು ಬರೆದ ಪೈಪಿನ ವಾಟ ಸಾಲದು ಅಂತ ಒಂದು. ಇನ್ನೊಂದು ಖಾಲಿ ಸಾಲು. ಅಲ್ಲಿ ‘ದಿನಗೂಲಿ, ಮೇಸ್ತ್ರಿ 1000, ಆಳು 700’ ಅಂತ ಬರೆದರು. ಎಷ್ಟು ದಿನ ಅಂತ ಬರೆಯಲಿಲ್ಲ. ನಾವೂ ಕೇಳಲಿಲ್ಲ.

ಶಿವರಾತ್ರಿ ಆಗಿ ಎಂಟನೇ ದಿನಕ್ಕೆ ಬಂದರು. ಗೋಡೆ ಒಡೆದರೆ ಒಳಗೆ ಸೊಂಟದೆತ್ತರಕ್ಕೆ ಗೆದ್ದಲು ಗೂಡು. ತೀರಿಗೆ ಸರ್ವೆ ಮರದ ಊರುಗೋಲು ಕೊಟ್ಟು, ಎರಡೂ ಪಕ್ಕ ಸಿಮೆಂಟ್ ಬ್ಲಾಕ್ ಕಟ್ಟಿ, ಮೇಲೆ ಲಿಂಟಲ್ ಕೂರಿಸಿ ಮುಗಿಸೋಕೆ ನಾಲ್ಕು ದಿನ ಹಿಡಿಯಿತು. ಎರಡನೇ ದಿನ ಅಪ್ಪನಿಗೂ ಅವರಿಗೂ ಸಣ್ಣ ಜಟಾಪಟಿಯೂ ಆಯಿತಂತೆ, ಆಳು ಬೀಡಿ ಸೇದ್ತಾ ಕೂರ್ತಾನೆ ಅಂತ. ಅಮ್ಮ ನಡುವೆ ಹೋಗಿ ಸಮಾಧಾನ ಮಾಡಿದರು. ಒಟ್ಟು ಖರ್ಚು 1,31,400. ನಮ್ಮ ಎಸ್ಟಿಮೇಟಿಗಿಂತ 19,400 ಜಾಸ್ತಿ, ಅದರಲ್ಲಿ ದೊಡ್ಡ ಪಾಲು ಆ ಗೋಡೆಯದ್ದೇ. ಮಿಕ್ಕಿದ್ದು ಅಜ್ಜಿಯಿಂದ. ನುಣುಪು ಟೈಲ್ಸು ತಂದಿದ್ದನ್ನು ನೋಡಿ ‘ಇದರ ಮೇಲೆ ನಿಮ್ಮಪ್ಪನ್ನೇ ನಡೆಸು’ ಅಂದಳಂತೆ, ವಾಪಸ್ ಕೊಟ್ಟು ಒರಟು ಟೈಲ್ಸ್ ತಂದರು.

ಹೋದ ವಾರ ಅಮ್ಮ ಫೋನಿನಲ್ಲಿ ಹೇಳಿದರು, ರಾತ್ರಿ ಊಟಕ್ಕೆ ಅಜ್ಜಿ ಎರಡು ಲೋಟ ಮಜ್ಜಿಗೆ ಹಾಕಿಸಿಕೊಂಡಳಂತೆ. ಹಗಲು ಮಾತ್ರ ಇನ್ನೂ ಹಿತ್ತಲಿಗೇ ಹೋಗ್ತಾಳೆ. ಮನೆಯೊಳಗೆ ಅದೆಲ್ಲ ಏನು ಚೆಂದ ಅಂತ.

ಯುಗಾದಿಗೆ ಹೋದಾಗ ಪಕ್ಕದ ಮನೆ ಅತ್ತೆ ಕರೆದರು. “ನೀವು ಲೆಕ್ಕ ಹಾಕಿ ಕಟ್ಟಿಸಿದಿರಂತಲ್ಲ, ನಮ್ಮ ಅಡುಗೆಮನೆ ಸೋರ್ತದೆ, ಎಷ್ಟಾಗುತ್ತೆ ನೋಡ್ರಪ್ಪ.” ಒಳಗೆ ಹೋದೆವು. ಹಳೇ ಮಣ್ಣಿನ ಗೋಡೆ, ಮೇಲೆ ಯಾವತ್ತೋ ಹಾಕಿದ ಸಿಮೆಂಟ್ ಗಿಲಾವು, ಒಂದು ಮೂಲೆಯಲ್ಲಿ ಒದ್ದೆ. ಬೆರಳಿಂದ ಎರಡು ಸಲ ಕುಟ್ಟಿ ನೋಡಿದೆವು. ತಲೆ ಎತ್ತಿ ತೀರು ನೋಡಿದೆವು. ಅತ್ತೆ ಟೀ ಕೊಟ್ಟರು, ಕುಡಿದೆವು.

“ನಾಳೆ ಟೇಪ್ ತಗೊಂಡು ಬರ್ತೀವಿ ಅತ್ತೆ” ಅಂದೆವು.